ಕ್ಯಾಮೆರಾ ನಿಮ್ಮ ಕೈಗೂ ಬರಲಿ

ಸೋದರಿಯರೇ, ಯಜಮಾನರು ನಿವೃತ್ತರಾದ ಮೇಲೆ ಇಬ್ಬರೂ ಸೇರಿ ಫೋಟೋ ತೆಗೆಯುವ ಹವ್ಯಾಸ ಹಿಡಿದರೆ ಬಲು ಸೊಗಸು. ಆದರೆ ಕ್ಯಾಮೆರಾ ಅವರ ಕೈಲಿ, ತಿಂಡಿ ಡಬ್ಬಿ ನಿಮ್ಮ ಕೈಲಿ ಅಂತಾಗಬಾರದು ನೋಡಿ!

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರವಾಲಾ ಈ ವಿದ್ಯೆ ಕಲಿತದ್ದು ಮುಂದೆ ಪತಿಯಾದ ಮಾಣೆಕ್‌ಷಾ ಅವರಿಂದಲೇ. ಆದರೆ ಮೊದಮೊದಲು ಆಕೆಯ ಚಿತ್ರಗಳು ಅಚ್ಚಾದದ್ದು ಪತಿಯ ಹೆಸರಿನಲ್ಲಿ! ಆಕೆಗೆ ಪದ್ಮವಿಭೂಷಣ ಬಂದದ್ದು 2011ರಲ್ಲಿ.

ರಂಗನತಿಟ್ಟಿಗೆ ಬೆಳಿಗ್ಗೆಯೇ ಹೋಗಿ. ದೋಣಿಯಲ್ಲಿ ಹೋಗುವಾಗ ಅವರು, ಬರುವಾಗ ನೀವು ತೆಗೆಯಿರಿ. ಸೂರ್ಯ ಬೆನ್ನ ಹಿಂದಿರಲಿ. ಮೊಣಕೈ ಪಕ್ಕೆಗೆ ಒತ್ತಿಕೊಂಡರೆ ಚಿತ್ರ ಅಷ್ಟಾಗಿ ಅಲುಗದು.

ಹಕ್ಕಿಗಳ ಜೊತೆಗೆ ಒಬ್ಬರನ್ನೊಬ್ಬರು ತೆಗೆಯೋದನ್ನೂ ಮರೀಬೇಡಿ. ಮುಂದೆ ಒಬ್ಬರೇ ಉಳಿದಾಗ ಆಸರೆಯಾಗೋದು ಆ ಚಿತ್ರಗಳೇ ಅಲ್ಲವೇ?