ರೆಪೊ ದರ ನಿರ್ಧಾರಕ್ಕೆ ಮುನ್ನ ರಿಸರ್ವ್ ಬ್ಯಾಂಕ್ ಯಾರ ಅಭಿಪ್ರಾಯ ಪಡೆಯುತ್ತದೆ?

(ಸಾರ್ವಜನಿಕರ ಮಾಹಿತಿಗಾಗಿ)

ರೆಪೊ ದರ ಏರಿದೊಡನೆ ಗೃಹಸಾಲದ ಹೊರೆ ಏಕೆ ಹೆಚ್ಚುತ್ತದೆ, ಆ ದರವನ್ನು ಯಾರನ್ನು ಕೇಳಿ ನಿಗದಿಪಡಿಸಲಾಗುತ್ತದೆ ಎಂಬ ಪ್ರಶ್ನೆಗಳು ಸಾಲಕ್ಕೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಮೂಡುವುದು ಸಹಜ. ಮೊದಲನೆಯದಕ್ಕೆ ಉತ್ತರ ಸರಳವಾಗಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಚರ ಬಡ್ಡಿದರದಲ್ಲಿ ನೀಡುವ ಹೊಸ ಗೃಹಸಾಲ, ವೈಯಕ್ತಿಕ ಸಾಲ ಹಾಗೂ ಕಿರು ಮತ್ತು ಸಣ್ಣ ಉದ್ದಿಮೆಗಳ ಸಾಲಗಳನ್ನು ಬಾಹ್ಯ ಮಾನದಂಡವೊಂದಕ್ಕೆ ಜೋಡಿಸುವುದು ಕಡ್ಡಾಯವಾಗಿದೆ. ಇಂತಹ ಮಾನದಂಡಗಳಲ್ಲಿ ರೆಪೊ ದರವೂ ಒಂದು. ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅದಕ್ಕನುಗುಣವಾಗಿ ಪರಿಷ್ಕರಿಸತಕ್ಕದ್ದು.

ಎರಡನೆಯ ಪ್ರಶ್ನೆಗೆ ವಿವರಣೆ ಅಗತ್ಯ. ದರವನ್ನು ನಿರ್ಧರಿಸುವುದು 2016ರಲ್ಲಿ ರಚಿತವಾದ, ಆರು ಸದಸ್ಯರ ಹಣಕಾಸು ನೀತಿ ಸಮಿತಿ. ಸಭೆಗೆ ಮುನ್ನ ಬ್ಯಾಂಕುಗಳು, ಅರ್ಥಶಾಸ್ತ್ರಜ್ಞರು ಹಾಗೂ ಮಾರುಕಟ್ಟೆಯ ಪ್ರತಿನಿಧಿಗಳೊಂದಿಗೆ ಸಮಾಲೋಚನೆ ನಡೆಯುತ್ತದೆ. 2007ರಿಂದ ವೃತ್ತಿನಿರತ ಮುನ್ಸೂಚಕರ ಸಮೀಕ್ಷೆಯನ್ನೂ ರಿಸರ್ವ್ ಬ್ಯಾಂಕ್ ನಡೆಸುತ್ತಿದೆ. ಬೆಳವಣಿಗೆ, ಹಣದುಬ್ಬರ ಮುಂತಾದವುಗಳ ಬಗ್ಗೆ ಅವರ ಅಂದಾಜುಗಳನ್ನು ಸಂಗ್ರಹಿಸಿ ಪ್ರಕಟಿಸಲಾಗುತ್ತದೆ.

ಆದರೆ ಮಾರುಕಟ್ಟೆಯ ಮಾತನ್ನು ತೂಗಿ ನೋಡಬೇಕಾಗುತ್ತದೆ. ಬಡ್ಡಿದರ ಇಳಿದರೆ ಹಳೆಯ ಸಾಲಪತ್ರಗಳ ಬೆಲೆ ಏರುತ್ತದೆ. ಅಂತಹ ಪತ್ರಗಳನ್ನು ಹೊಂದಿರುವವರು ದರ ಇಳಿಕೆಯನ್ನು ಬಯಸುವುದು ಸ್ವಾಭಾವಿಕ. ಮೇಲಾಗಿ, ರಿಸರ್ವ್ ಬ್ಯಾಂಕ್ ಏನು ಮಾಡೀತೆಂಬ ಊಹೆಯ ಮೇಲೆಯೇ ಮಾರುಕಟ್ಟೆ ನಡೆಯುತ್ತದೆ. ಆ ಊಹೆಯನ್ನೇ ಅನುಸರಿಸಿದರೆ ಬ್ಯಾಂಕ್ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡಂತಾಗುತ್ತದೆ. ಆದುದರಿಂದ 2005ರಲ್ಲಿ ಆರಂಭವಾದ, ಬೆಂಗಳೂರು ಸೇರಿದಂತೆ ಪ್ರಮುಖ ನಗರಗಳ ಕುಟುಂಬಗಳ ಹಣದುಬ್ಬರ ನಿರೀಕ್ಷೆಯ ಸಮೀಕ್ಷೆಗೆ ವಿಶೇಷ ಮಹತ್ವವಿದೆ. ಗೃಹಿಣಿಯರು, ದಿನಗೂಲಿಯವರು ಹೇಳುವ ಬೆಲೆ ಏರಿಕೆಯ ಪ್ರಮಾಣ ಅಧಿಕೃತ ಅಂಕಿಗಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅಂಕಿ ನಿಖರವಲ್ಲದಿದ್ದರೂ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಉಪಯುಕ್ತ ಸೂಚನೆ.

ಕೇಳಿಸಿಕೊಳ್ಳುವವರೇ ಗುಟ್ಟು ಬಿಟ್ಟುಕೊಡುವ ಅಪಾಯವೂ ಇಲ್ಲದಿಲ್ಲ. ಅಮೆರಿಕದ ರಿಚ್ಮಂಡ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ಜೆಫ್ರಿ ಲ್ಯಾಕರ್, 2012ರಲ್ಲಿ ಖಾಸಗಿ ಸಂಸ್ಥೆಯ ವಿಶ್ಲೇಷಕರೊಬ್ಬರೊಂದಿಗೆ ನಡೆಸಿದ ಸಂಭಾಷಣೆಯಲ್ಲಿ ಗೋಪ್ಯ ಮಾಹಿತಿಯ ವಿಷಯ ಬಂದ ಕಾರಣ 2017ರ ಏಪ್ರಿಲ್‌ನಲ್ಲಿ ಹುದ್ದೆ ತೊರೆಯಬೇಕಾಯಿತು.

ಮೇಲ್ಕಂಡ ಸಮೀಕ್ಷೆಗಳ ಫಲಿತಾಂಶಗಳು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಉಚಿತವಾಗಿ ಲಭ್ಯವಿವೆ. ಸ್ಥಿರ ಅಥವಾ ಚರ ಬಡ್ಡಿಯ ಆಯ್ಕೆಗೆ ಮುನ್ನ ಅರ್ಜಿದಾರರು ಅವುಗಳನ್ನು ಪರಿಶೀಲಿಸಬಹುದಾಗಿದೆ. ಅವು ಉತ್ತರಿಸಿದವರ ಅಭಿಪ್ರಾಯಗಳೇ ಹೊರತು ರಿಸರ್ವ್ ಬ್ಯಾಂಕಿನ ಮುನ್ಸೂಚನೆಗಳಲ್ಲವೆಂಬುದನ್ನು ಗಮನಿಸತಕ್ಕದ್ದು.