ಒಂದು ರಾತ್ರಿ ಕಾಯುವ ವಿಮರ್ಶೆ

ಸಿನಿಮಾ ಬಿಡುತ್ತಿದ್ದಂತೆ ಚಿತ್ರಮಂದಿರದ ಗೇಟಿನಲ್ಲಿ ಮೈಕು ಹಿಡಿದವರು ಕಾದಿರುತ್ತಾರೆ. ‘ಹೇಗಿದೆ ಸಾರ್?’ ಕಣ್ಣು ಇನ್ನೂ ಬೆಳಕಿಗೆ ಹೊಂದಿಕೊಂಡಿರುವುದಿಲ್ಲ, ಆಗಲೇ ‘ಸೂಪರ್’ ಎಂದೋ ‘ದುಡ್ಡು ದಂಡ’ ಎಂದೋ ತೀರ್ಪು ಕೊಡಬೇಕು. ಈ ಅವಸರದಲ್ಲಿ ವಿಮರ್ಶೆಯ ಜತೆ ನೋಡಿದ ಸುಖವೂ ಕೈಜಾರುತ್ತದೆ ಎಂಬುದು ನನ್ನ ಸಂಕಟ.

ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ನಡೆಯುವುದು ಮರುದಿನ ಬೆಳಿಗ್ಗೆ. ನಡುವೆ ಒಂದು ನಿದ್ದೆ, ಒಂದು ಲೋಟ ಕಾಫಿ. ಏಳುವಷ್ಟರಲ್ಲಿ ನಾಟಕದ ಎಷ್ಟೋ ಭಾಗ ಮಸುಕಾಗಿರುತ್ತದೆ. ಉಳಿದದ್ದು ಯಾಕೆ ಉಳಿಯಿತು ಎಂಬಲ್ಲಿಂದ ಒಳ್ಳೆಯ ಮಾತು ಶುರುವಾಗುತ್ತದೆ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ಅಡಿಕೆ ತೋಟಗಳ ನಡುವಿನ ಈ ಊರಿನಲ್ಲಿ ಜಗತ್ತಿನ ಸಿನಿಮಾಗಳನ್ನು ತೋರಿಸತೊಡಗಿದರು. ಆಮೇಲೆ ನಡೆಸಿದ ಶಿಬಿರಗಳಿಗೆ ಇಟ್ಟ ಹೆಸರು ‘ರಸಗ್ರಹಣ’. ಆ ಪದದಲ್ಲಿ ಸವಿಯುವುದೂ ಅರಿಯುವುದೂ ಒಂದೇ ಕೆಲಸ.

ಬಿಡಿಸಿ ನೋಡಿದರೆ ಸುಖ ಸೋರಿಹೋಗುತ್ತದೆ ಎನ್ನುವವರಿದ್ದಾರೆ. ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾದ ಶುರುವನ್ನು ನೆನೆಯಿರಿ. ಸೆಂಚುರಿ ಗೌಡ ದಾರಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಛೇಡಿಸುತ್ತಾನೆ, ಮೂತ್ರಕ್ಕೆಂದು ಎದ್ದುಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಮೊದಲ ಸಲ ನಕ್ಕಿದ್ದೆ. ಯಾಕೆ ನಕ್ಕೆ ಎಂದು ಆಮೇಲೆ ಯೋಚಿಸಿದಾಗ ಹೊಳೆದದ್ದು: ಆ ಸಾವಿಗೆ ಸಿನಿಮಾ ಒಂದು ಕ್ಷಣವೂ ದನಿ ತಗ್ಗಿಸುವುದಿಲ್ಲ, ಬೀದಿಯ ದಿನಚರಿಯಲ್ಲಿ ಅದೂ ಒಂದು. ಅಲ್ಲಿಯವರೆಗೆ ಕ್ಯಾಮೆರಾ ಎದುರಿಸದ ಹಳ್ಳಿಗರೇ ಪಾತ್ರ ಮಾಡಿದ್ದರಿಂದ ಆ ನಿರ್ಲಿಪ್ತತೆ ಎಲ್ಲೂ ನಟನೆ ಅನ್ನಿಸದು. ಇಷ್ಟು ತಿಳಿದ ಮೇಲೆ ಎರಡನೇ ಸಲವೂ ನಕ್ಕೆ, ಇನ್ನೂ ಜೋರಾಗಿ.

ಹಾಗಾಗಿ ವಿಮರ್ಶಕ ಮೊದಲು ಕಂಡದ್ದನ್ನು ಕಂಡಂತೆ ಹೇಳಲಿ, ಬೆಲೆ ಕಟ್ಟುವುದು ಆಮೇಲೆ. ಪುಸ್ತಕವಾದರೆ ಓದುಗ ಕೊಂಡು ಪರೀಕ್ಷಿಸಬಹುದು. ನಾಟಕಕ್ಕೆ ಆ ಭಾಗ್ಯವಿಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯ ಮೈಸೂರಿನ ರಂಗಾಯಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿಸಿದರು. ‘ಅದ್ಭುತ ಪ್ರಯೋಗ’ ಎಂಬ ಎರಡು ಪದ ಆ ರಾತ್ರಿಯ ಬಗ್ಗೆ ಏನೂ ಹೇಳುವುದಿಲ್ಲ. ಒಂದು ರಂಗದಿಂದ ಇನ್ನೊಂದಕ್ಕೆ ಜನ ಹೇಗೆ ಎದ್ದು ನಡೆದರು, ಎಷ್ಟು ಹೊತ್ತಿಗೆ ಚಳಿ ಹತ್ತಿತು, ಬೆಳಗು ಹರಿಯುವಾಗ ನಟರ ದನಿ ಹೇಗಿತ್ತು, ಅಷ್ಟನ್ನು ಬರೆದಿಟ್ಟರೆ ಅಂದು ಹುಟ್ಟಿರದವರಿಗೂ ಅದರಲ್ಲೊಂದು ಪಾಲು ಸಿಗುತ್ತದೆ.