ಲೆಕ್ಕ ಅಡ್ಮಿಷನ್ ದಿನವೇ ಗೊತ್ತಾಗಲಿ

ಹೆಸರಘಟ್ಟ ರಸ್ತೆಯ ಚಿಕ್ಕಬಾಣಾವರದಿಂದ ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಹೋಗುವವರು ಬಹಳ. ತಿಂಗಳ ಸಂಬಳ 21,000 ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಇಎಸ್‌ಐ ಕೈಹಿಡಿಯುತ್ತದೆ. ಅದಕ್ಕಿಂತ ತುಸು ಹೆಚ್ಚು ದುಡಿಯುವವರಿಗೆ ಖಾಸಗಿ ವಿಮೆಯೇ ಗತಿ, ಅದೂ ಇಲ್ಲದಿದ್ದರೆ ಕೈಸಾಲ. ಈ ಕುಟುಂಬಗಳಿಗೆ ಚಿಕಿತ್ಸೆಯ ನಿಜವಾದ ಖರ್ಚು ತಿಳಿಯುವುದು ಡಿಸ್ಚಾರ್ಜ್ ದಿನ, ಬಿಲ್ಲಿಂಗ್ ಕೌಂಟರ್ ಮುಂದೆ. ಅಷ್ಟರಲ್ಲಿ ಪ್ರಶ್ನೆ ಕೇಳುವ ಹೊತ್ತು ಮೀರಿರುತ್ತದೆ.

ವಿಮೆ ಇದ್ದವರೂ ಎಡವುವ ಜಾಗವೊಂದಿದೆ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ 4,000 ರೂಪಾಯಿ ಮಿತಿ ಇದೆ, ರೋಗಿಯನ್ನು 8,000ದ ಕೊಠಡಿಗೆ ಸೇರಿಸಿದ್ದಾರೆ ಎಂದುಕೊಳ್ಳಿ. ಕೈಯಿಂದ ಕೊಡಬೇಕಾದದ್ದು ದಿನಕ್ಕೆ ನಾಲ್ಕು ಸಾವಿರ ಮಾತ್ರ ಎಂದು ಮನೆಯವರು ತಿಳಿದಿರುತ್ತಾರೆ. ಆದರೆ ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ ಕಡಿತ ಮಾಡುತ್ತಾರೆ. ಕೊಠಡಿ ಆರಿಸುವಾಗ ಯಾರಾದರೂ ಎರಡು ನಿಮಿಷ ಕೂತು ಇದನ್ನು ವಿವರಿಸಿದ್ದರೆ ಎಷ್ಟೋ ಮನೆಗಳ ಒಡವೆ ಅಡಮಾನಕ್ಕೆ ಹೋಗುತ್ತಿರಲಿಲ್ಲ.

ಖಾಸಗಿ ಆಸ್ಪತ್ರೆಗಳಿಗೆ ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲೇ ಬಂತು. 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದನ್ನು ಬಿಗಿಗೊಳಿಸಲು ಹೊರಟರು. ಆ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದರು, ರೋಗಿಗಳು ಬೀದಿಪಾಲಾದರು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದದ್ದು ಸಡಿಲಗೊಂಡ ಮಸೂದೆ. ಎಲ್ಲ ಚಿಕಿತ್ಸೆಗೂ ಸರ್ಕಾರವೇ ದರ ಗೊತ್ತುಮಾಡುವ ಮಾತು ಬಿದ್ದುಹೋಗಿ, ಅದು ಸರ್ಕಾರಿ ಯೋಜನೆಗಳ ಮಟ್ಟಿಗೆ ಉಳಿಯಿತು. ಆದರೂ ಕೈಗೆ ಸಿಕ್ಕಿದ್ದು ಸಣ್ಣದಲ್ಲ: ರೋಗಿಗಳ ಹಕ್ಕುಪತ್ರ, ಬಾಕಿ ಹಣಕ್ಕಾಗಿ ಮೃತದೇಹ ತಡೆಹಿಡಿಯಬಾರದೆಂಬ ನಿಯಮ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಹಕ್ಕುಪತ್ರವಂತೂ ದರಪಟ್ಟಿ ಸ್ಥಳೀಯ ಭಾಷೆಯಲ್ಲೂ ಇರಬೇಕು, ಬಿಡಿಬಿಡಿಯಾದ ಬಿಲ್ಲು ಕೊಡಬೇಕು ಎನ್ನುತ್ತದೆ.

ದರ ಬಹಿರಂಗವಾದಾಗ ಏನಾಗುತ್ತದೆ ಎಂಬುದನ್ನು ಜನ ಕಂಡಿದ್ದಾರೆ. 2017ರ ಫೆಬ್ರುವರಿಯಲ್ಲಿ ಔಷಧಲೇಪಿತ ಸ್ಟೆಂಟ್‌ಗೆ ಕೇಂದ್ರ 29,600 ರೂಪಾಯಿ ಮಿತಿ ಹಾಕಿತು. ಅದಕ್ಕೆ ಮೊದಲು ರೋಗಿಗಳು ಲಕ್ಷಕ್ಕೂ ಮಿಕ್ಕಿ ತೆರುತ್ತಿದ್ದರು. 2024ರ ಜುಲೈನಲ್ಲಿ ಡೆಂಗಿ ಹಬ್ಬಿದಾಗ ರಾಜ್ಯ ಸರ್ಕಾರ ಎಲೈಸಾ ಪರೀಕ್ಷೆಗೆ 300, ರ್‍ಯಾಪಿಡ್ ಪರೀಕ್ಷೆಗೆ 250 ರೂಪಾಯಿ ಎಂದು ಸಾರಿತು. ಪತ್ರಿಕೆಯಲ್ಲಿ ಓದಿದ ಆ ಅಂಕಿ ಹಿಡಿದು ಯಾರು ಬೇಕಾದರೂ ಲ್ಯಾಬ್‌ನಲ್ಲಿ ಪ್ರಶ್ನಿಸಬಹುದಾಗಿತ್ತು.

ಕಾಯಿಲೆ ಯಾವ ತಿರುವು ಪಡೆಯುತ್ತದೋ ಮೊದಲೇ ಹೇಳಲಾಗದು ಎಂಬ ವೈದ್ಯರ ಮಾತು ಸತ್ಯ. ಐಸಿಯುಗೆ ಹೋದ ರೋಗಿಯ ಖರ್ಚನ್ನು ಯಾರೂ ಪೈಸೆಗೆ ಪೈಸೆ ಊಹಿಸಲಾರರು. ಹಾಗಿದ್ದ ಮೇಲೆ ಅಡ್ಮಿಷನ್ ದಿನ ಖರ್ಚಿನ ಅಂದಾಜು ಕೊಟ್ಟು, ಚಿಕಿತ್ಸೆ ಬದಲಾದ ದಿನವೇ ಅದನ್ನೂ ತಿದ್ದಿ, ಬರೆದು ಕೊಡಲಿ. ಪ್ರತಿ ಸಂಜೆ ಆ ದಿನದವರೆಗಿನ ಲೆಕ್ಕ ಮನೆಯವರ ಕೈಸೇರಲಿ. ಅಡ್ವಾನ್ಸ್ ಮುಗಿಯುತ್ತಲೇ ಮತ್ತೆ ಕಟ್ಟಿ ಎಂದು ಹೇಳಿಕಳಿಸುವ ಕಂಪ್ಯೂಟರಿಗೆ ಇದು ಕಷ್ಟವೇನಲ್ಲ.

ಲೆಕ್ಕ ಕನ್ನಡದಲ್ಲಿರಬೇಕು ಎಂಬುದು ಇದರಷ್ಟೇ ಮುಖ್ಯ. ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಒತ್ತಾಯಿಸಿದ್ದರು. ಅದು ಒಳ್ಳೆಯ ಆರಂಭ. ಆದರೆ ಚೀಟಿಯನ್ನು ಓದಲು ಮೆಡಿಕಲ್ ಶಾಪಿನವನಾದರೂ ಇದ್ದಾನೆ, ಬಿಲ್ಲನ್ನು ಓದಬೇಕಾದವರು ಮನೆಯವರೇ. ‘ಕನ್ಸ್ಯೂಮಬಲ್ಸ್’ ಎಂಬ ಒಂದೇ ಸಾಲಿನಡಿ ಕೈಗವಸು, ಸಿರಿಂಜು, ಹತ್ತಿ ಎಷ್ಟೆಷ್ಟು ಖರ್ಚಾಯಿತು ಎಂದು ಅವರಿಗೆ ತಿಳಿಯುವುದು ಹೇಗೆ?

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಕುಂದುಕೊರತೆ ಪ್ರಾಧಿಕಾರ ದೂರು ಬರುವವರೆಗೆ ಕೂರದೆ ಆಸ್ಪತ್ರೆಗಳಿಗೆ ತಾನೇ ಹೋಗಿ ನೋಡಲಿ: ದರಪಟ್ಟಿ ಎಲ್ಲಿ ತೂಗುಹಾಕಿದ್ದಾರೆ, ಯಾವ ಭಾಷೆಯಲ್ಲಿದೆ, ದೂರು ಕೊಡಬೇಕಾದ ವಿಳಾಸ ಅಡ್ಮಿಷನ್ ಕೌಂಟರಿನಲ್ಲೇ ಕಾಣುತ್ತದೆಯೇ. ಬಂದ ದೂರುಗಳೆಷ್ಟು, ಎಷ್ಟಕ್ಕೆ ಹಣ ವಾಪಸಾಯಿತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ.